ಮೂರು ಎನ್ನುವ ಮೊದಲು

ಭುಜ ಕಿವಿಗೆ ಏರಿತು, ಕಣ್ಣು ಮುಚ್ಚಿತು, ನಾನಿನ್ನೂ ಎರಡು ಎಂದಿದ್ದೆ ಅಷ್ಟೇ, ಫ್ಲ್ಯಾಶ್ ಹೊಡೆದಿರಲಿಲ್ಲ — ಬೆಳಕಿಗೆ ಹೆದರುವ ಕಣ್ಣು ಬೆಳಕು ಬಂದ ಮೇಲೆ ಮುಚ್ಚುತ್ತದೆ, ಇದು ಮೊದಲೇ ಮುಚ್ಚಿತು, ಹುಬ್ಬಿನ ನಡುವೆ ಗಂಟು ಬೀಳುವಷ್ಟು ಬಿಗಿಯಾಗಿ. ಬಿಳಿ ಫ್ರಾಕಿನ ಹುಡುಗಿ, ಐದು ವರ್ಷವಿರಬಹುದು, ಎಡಕ್ಕೆ ಅಮ್ಮ, ಬಲಕ್ಕೆ ಅಪ್ಪ, ಅಪ್ಪನ ಕೈ ಅವಳ ಕತ್ತಿನ ಹಿಂದೆ. ಏ, ಕಣ್ಣು ಬಿಡೇ, ಮೇಡಂ ಏನು ನಿನ್ನ ನುಂಗಿಬಿಡ್ತಾರಾ, ಎಂದು ಅಪ್ಪ ನಕ್ಕ, ಅಮ್ಮನೂ ನಕ್ಕಳು, ಅವನು ನಕ್ಕ ಮೇಲೆ. ನನ್ನ ಮಗಳು ಹುಟ್ಟುವ ಮೊದಲು ನನಗಿದು ಕಾಣುತ್ತಿರಲಿಲ್ಲ, ನಿಂತೇ ಫೋಟೊ ತೆಗೆಯುತ್ತಿದ್ದೆ, ದೊಡ್ಡವರ ಮುಖದ ಎತ್ತರದಿಂದ, ಈಗ ಮಂಡಿಯೂರುತ್ತೇನೆ, ಮಂಡಿಯೂರಿದರೆ ಮುಖಕ್ಕಿಂತ ಮೊದಲು ಕೈಗಳು ಕಾಣುತ್ತವೆ, ಯಾವ ಕೈ ಎಲ್ಲಿ ಒತ್ತುತ್ತಿದೆ, ಯಾವ ಹೆಬ್ಬೆರಳು ಬಿಳಿಚಿದೆ. ನೀವು ತಾಯಿಯಾದ ಮೇಲೆ ಮಕ್ಕಳ ಫೋಟೊ ಎಷ್ಟು ಚೆನ್ನಾಗಿ ಬರ್ತಿವೆ ಅಂತಾರೆ ಎಲ್ಲರೂ. ತಾಯಿ. ಇವತ್ತು ಬೆಳಿಗ್ಗೆ ಮನೆಯಲ್ಲಿ ಮಗಳ ಹಾಲಿನ ಲೋಟ ಉರುಳಿತು, ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು, ಒರೆಸ್ತೀಯೋ ಇಲ್ವೋ, ಒಂದು, ಎರಡು — ಅದು ನನ್ನ ಗಂಡನ ದನಿ, ನನ್ನ ಬಾಯಿಂದ, ಅವನು ಸತ್ತು ಏಳು ತಿಂಗಳು, ಲಾರಿಯ ಚಕ್ರ ಎದೆಯ ಮೇಲೆ ಹತ್ತಿ ಇಳಿದಿತ್ತು, ಗುರುತು ಹಿಡಿಯಲು ಕರೆದಾಗ ನಾನು ನೋಡಿದ್ದು ಬಲಗೈಯನ್ನು, ಅದಕ್ಕೊಂದು ಗೀರೂ ಆಗಿರಲಿಲ್ಲ, ಅಳು ಬರಲಿಲ್ಲ, ಇನ್ನು ಮನೆಯಲ್ಲಿ ಯಾರೂ ಎಣಿಸುವುದಿಲ್ಲ ಎಂದುಕೊಂಡೆ, ಅವನು ಮಗಳೆದುರು ಎಣಿಸುವಾಗ ನಾನು ಪಕ್ಕದ ಕೋಣೆಯಲ್ಲಿ ಯಾರದೋ ಮಗುವಿನ ಕೆನ್ನೆಯ ಗಾಯವನ್ನು ಕಂಪ್ಯೂಟರಿನಲ್ಲಿ ಅಳಿಸುತ್ತ ಕೂತಿರುತ್ತಿದ್ದೆ, ಮೂರಕ್ಕೆ ಏಟು ಬೀಳುತ್ತಿತ್ತು, ಬೆಳಿಗ್ಗೆ ಮೂರು ಎಂದವಳು ನಾನು — ಮಗಳ ಕೆನ್ನೆಯ ಮೇಲೆ ಐದು ಬೆರಳೂ ಎದ್ದವು. ಆ ಕೆನ್ನೆಯೊಂದಿಗೆ ಶಾಲೆಗೆ ಕಳಿಸಲಾಗದೆ ಇಲ್ಲಿಗೆ, ಸ್ಟುಡಿಯೋಗೆ, ಕರೆತಂದೆ, ಪೌಡರ್ ಹಚ್ಚಿ, ಈ ನೀಲಿ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂರಿಸಿ, ಇನ್ನೆಂದೂ ಎಣಿಸಲ್ಲ ಪುಟ್ಟಿ ಎಂದು ಬಸ್ಸಿನಲ್ಲಿ ಹೇಳಿದ್ದೆ, ಬಂದು ಹತ್ತು ನಿಮಿಷದಲ್ಲಿ ನಾಲ್ಕು ಸಲ ಎಣಿಸಿಬಿಟ್ಟೆ, ಫೋಟೊಗೆ, ಫೋಟೊಗೆ ಅಷ್ಟೇ, ಕಸುಬಿನ ಚಟ.

ಎಣಿಸದೇ ತೆಗೀತೀನಿ, ಕತ್ತಿಂದ ಕೈ ತೆಗೀರಿ ಸರ್, ಎಂದೆ. ಅಯ್ಯೋ ಎಣಿಸಿ ಮೇಡಂ, ಎಣಿಸಿದ್ರೇನೇ ಇವಳು ದಾರಿಗೆ ಬರೋದು, ಅಲ್ವೇನೇ, ಎಂದ ಅಪ್ಪ. ಹೋಗ್ಲಿ ಬಿಡಿ, ಬೇರೆ ಫೋಟೊದಿಂದ ಕಣ್ಣು ತೆಗೆದು ಅಂಟಿಸ್ತಾರಂತಲ್ಲ, ಎಂದಳು ಅಮ್ಮ, ನನ್ನನ್ನು ನೋಡದೆ. ಅಂಟಿಸಿದ್ದೇನೆ, ನಮ್ಮ ಮನೆಯ ಗೋಡೆಯ ಮೇಲೆ ಮೂವರೂ ನಗುತ್ತಿದ್ದೇವೆ, ಮಗಳ ಕಣ್ಣು ಮಾತ್ರ ನನ್ನ ಗಂಡ ಊರಲ್ಲಿಲ್ಲದ ದಿನದ್ದು, ಯಾರಿಗೂ ಗೊತ್ತಾಗಿಲ್ಲ, ಅಷ್ಟು ಅಚ್ಚುಕಟ್ಟು. ಅಂಟಿಸೋಕೆ ತೆರೆದ ಕಣ್ಣೇ ಇಲ್ಲಮ್ಮ, ನೋಡಿ, ಎಂದು ಕ್ಯಾಮೆರಾ ತಿರುಗಿಸಿದೆ, ನಾಲ್ಕರಲ್ಲೂ ಭುಜ ಕಿವಿಗೆ, ಕಣ್ಣು ಬಿಗಿಯಾಗಿ, ಅಮ್ಮನ ಕೆಳತುಟಿ ಹಲ್ಲಿನಡಿ ಹೋಯಿತು. ಅಪ್ಪನೂ ಬಗ್ಗಿದ, ನಗು ಇಳಿಯಿತು. ಅಳಿಸಿ ಅದನ್ನ. ಅಳಿಸಲ್ಲ, ಎಂದೆ. ಫೋಟೊ ತೆಗೀರಿ ಅಂದ್ರೆ ಪಂಚಾಯ್ತಿಗೆ ಕೂರ್ತೀರಾ, ಮೊದ್ಲು ನಿಮ್ಮ ಮನೆ ನೋಡ್ಕೊಳ್ಳಿ, ಏ, ಇಲ್ಲಿ ನಿಲ್ಲೇ, ನಾನೇ ಎಣಿಸ್ತೀನಿ, ಒಂದು — ಕೈ ಮೇಲೆ ಹೋಯಿತು — ಎರಡು — ನಾನು ನಡುವೆ ನುಗ್ಗಿ ಕ್ಯಾಮೆರಾ ಬೀಸಿದೆ, ಅವನ ಮಣಿಕಟ್ಟಿಗೆ ತಗುಲಿತು, ಮೂಳೆಯ ಸದ್ದು, ಲೆನ್ಸಿನ ಗಾಜು ಸಿಡಿಯಿತು, ಅವನ ಕೈ ಆಗಲೇ ಕೆಳಗಿಳಿದಿತ್ತು, ಇನ್ನೊಂದು ಏಟು ಬೇಕಿರಲಿಲ್ಲ, ಹಾಕಿದೆ, ಹಾಯೆನಿಸಿತು. ಹುಚ್ಚಿ, ಪೊಲೀಸಿಗೆ ಕೊಡ್ತೀನಿ ನಿನ್ನ! ಕೊಡಿ, ಈ ಫೋಟೊನೂ ಕೊಡೋಣ. ಅಮ್ಮ ಆಗಲೇ ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು, ಅವನಿಗೆ ಕಾಯದೆ, ಚಪ್ಪಲಿ ಬಿಟ್ಟು, ಅವನು ಮಣಿಕಟ್ಟು ಹಿಡಿದುಕೊಂಡು ಬಯ್ಯುತ್ತ ಹೊರಟ, ಕೆಳಗೆ ಆಟೋ ಹೊರಟ ಸದ್ದು, ಅವನು ಬೀದಿಗಿಳಿಯುವ ಮೊದಲೇ. ನಾನು ಪರದೆ ಸರಿಸಿದೆ, ಮುಗೀತು ಪುಟ್ಟಿ, ಹೋದ್ರು, ಬಾ, ಎಂದು ಕೈ ಚಾಚಿದೆ, ತಲೆ ಸವರಲು, ಸವರಲು ಅಷ್ಟೇ — ಭುಜ ಕಿವಿಗೆ ಏರಿತು, ಒಂದು, ಎಂದಳು ಮಗಳೇ, ಸಣ್ಣಗೆ, ಎರಡು — ನನ್ನ ಕೈ ಗಾಳಿಯಲ್ಲಿ — ಭುಜ ಕಿವಿಗೆ, ಕಣ್ಣು ಬಿಗಿಯಾಗಿ, ಭುಜ ಕಿವಿಗೆ, ಕಣ್ಣು —