ಮುಹೂರ್ತ ನುಂಗಿದ ಕಾರ್ಡು

ರೇವಣಪ್ಪನವರ ಫೋನು ಬಂದಾಗ ಮೌನಿಕಾ ಹಿಂದೂಪುರದ ಸ್ಟುಡಿಯೋದ ಒಳಕೋಣೆಯಲ್ಲಿ ಆಲ್ಬಂ ಪುಟ ಜೋಡಿಸುತ್ತಿದ್ದಳು. ಹೊರಗೆ ಸ್ಟುಡಿಯೋದ ಯಜಮಾನ, ಅವಳ ಗಂಡನ ಅಣ್ಣ ಅಮರೇಶ್ ಫೋನಿನಲ್ಲಿ ಆಡುತ್ತಿದ್ದ ಮಾತು ಒಂದೊಂದೂ ಕೇಳಿಸುತ್ತಿತ್ತು.

"ಹೆಂಗಸ್ರ ಕೈಗೆ ಕ್ಯಾಮೆರಾ ಕೊಟ್ಟಿದ್ದು ನನ್ ತಪ್ಪು ಕಣಣ್ಣ. ಗೊತ್ತಿಲ್ದೆ ಅಳಿಸ್ಬುಟ್ಟವಳೆ."

ಹತ್ತು ದಿನದ ಹಿಂದೆ ಕಲ್ಯಾಣದುರ್ಗದಲ್ಲಿ ರೇವಣಪ್ಪನವರ ಮಗಳ ಮದುವೆಯಾಗಿತ್ತು. ವಿಡಿಯೋ ತೆಗೆದವಳು ಮೌನಿಕಾ. ಅರಿಶಿನದ ಶಾಸ್ತ್ರ, ವರಪೂಜೆ ಎಲ್ಲ ಚೆನ್ನಾಗಿ ಬಂದಿದ್ದವು. ಮುಹೂರ್ತದಿಂದ ಮುಂದಕ್ಕೆ ಮಾತ್ರ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಫೈಲುಗಳ ಹೆಸರಿತ್ತು, ತೆರೆದರೆ ಒಳಗೆ ಏನೂ ಇರಲಿಲ್ಲ.

ಅವಳು ಹೊರಗೆ ಬಂದಳು. "ಭಾವ, ನಾನು ಅಳಿಸಿಲ್ಲ."

"ಮತ್ತೆ ನಾನು ಅಳಿಸಿದ್ನಾ?"

"ಕಾರ್ಡು ನೀವು ತಂದಿದ್ದು. ಪರೀಕ್ಷೆ ಮಾಡಿ ಹಾಕ್ತೀನಿ ಅಂದ್ರೆ ಟೈಮಿಲ್ಲ ಅಂದ್ರಿ."

"ಅದ್ರ ಮೇಲೆ ನೂರಿಪ್ಪತ್ತೆಂಟು ಜಿಬಿ ಅಂತ ದಪ್ಪಕ್ಷರದಾಗೆ ಬರೆದೈತೆ. ಓದಕ್ಕೆ ಬತ್ತದಲ್ಲ ನಿಂಗೆ?"

ಗಂಡ ಮಧು ಎಂದಿನಂತೆ, ಅಣ್ಣನ ಹತ್ತಿರ ಯಾಕೆ ಮಾತು ಬೆಳೆಸುತ್ತೀಯ ಎಂದ.

ಅಮರೇಶ್ ಕೊಡಿಕೊಂಡ ಎಂಬ ಊರಿನ ಗಡಿ ಚೆಕ್‌ಪೋಸ್ಟಿನ ಬಳಿಯ ಯಾವುದೋ ಸಣ್ಣ ಅಂಗಡಿಯಿಂದ ಅಂಥ ಎರಡು ಕಾರ್ಡು ತಂದಿದ್ದ. ಎರಡನೆಯದು ಇನ್ನೂ ಪ್ಯಾಕೆಟ್ಟಿನಲ್ಲೇ ಇತ್ತು. ಮರುದಿನ ಬೆಳಿಗ್ಗೆ ಮೌನಿಕಾ ಅದನ್ನು ಕಂಪ್ಯೂಟರಿಗೆ ಹಾಕಿ, ಹಳೆಯ ವಿಡಿಯೋಗಳನ್ನು ಒಂದರ ಹಿಂದೊಂದು ತುಂಬುತ್ತಾ ಹೋದಳು. ಸಂಜೆಯವರೆಗೂ ಹಿಡಿಯಿತು. ತುಂಬಿದ್ದನ್ನು ತೆರೆದು ನೋಡಿದರೆ ಮೂವತ್ತು ಜಿಬಿಯವರೆಗೆ ಎಲ್ಲ ಸರಿ, ಆಮೇಲಿನದು ಒಂದೂ ಇಲ್ಲ. ಕಾರ್ಡಿನ ನಿಜವಾದ ಹೊಟ್ಟೆ ಅಷ್ಟೇ. ಮಿಕ್ಕಿದ್ದನ್ನು ಬೇಡವೆನ್ನದೆ ತೆಗೆದುಕೊಂಡು ಚೆಲ್ಲಿಬಿಡುತ್ತಿತ್ತು.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು ಅವಳು ಕಲ್ಯಾಣದುರ್ಗದ ಬಸ್ಸು ಹತ್ತಿದಳು.

ರೇವಣಪ್ಪನವರು ಕಡಲೆಕಾಯಿ ವ್ಯಾಪಾರದವರು. ಕೂತುಕೋ ಎನ್ನಲಿಲ್ಲ. "ಏಮ್ಮಾ, ಇನ್ನೇನು ಅಳಿಸಾಕೆ ಬಂದೆ?"

ಮೌನಿಕಾ ಲ್ಯಾಪ್‌ಟಾಪನ್ನು ಅವರ ಎದುರಿನ ಮೇಜಿನ ಮೇಲಿಟ್ಟು ಕಾರ್ಡು ಹಾಕಿದಳು. "ನೀವೇ ಒತ್ತಿ ನೋಡಿ ಸಾರ್. ಮೊದಲನೇದು ಒತ್ತಿ. ಈಗ ಕೊನೇದು."

ಅವರು ಒತ್ತಿದರು. ಮೊದಲನೆಯದು ಓಡಿತು, ಕೊನೆಯದು ಓಡಲಿಲ್ಲ. ನಡುವೆ ಇನ್ನೂ ಐದಾರು ಒತ್ತಿದರು. ಅಷ್ಟರಲ್ಲಿ ಅವರ ಹೆಂಡತಿ ಶಿವಲಕ್ಷ್ಮಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದರು.

"ಕಾರ್ಡೇ ನಕಲಿ ಸಾರ್. ನಮ್ ಭಾವ ತಂದಿದ್ದು. ನಾನು ಅಳಿಸಿಲ್ಲ."

ರೇವಣಪ್ಪ ಪರದೆಯನ್ನೇ ನೋಡುತ್ತಾ ಕೇಳಿದರು. "ಹೊಸ ಕಾರ್ಡು ಹಿಂಗೆ ತುಂಬಿ ನೋಡ್ಬೇಕು ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನೋಡಿದ್ಯಾ?"

"ಭಾವ ಬ್ಯಾಡ ಅಂದ್ರು."

"ಭಾವ ನಮ್ ಮನೆಗೆ ಬಂದಿರ್ಲಿಲ್ಲ. ನೀನು ಬಂದಿದ್ದೆ. ಗೊತ್ತಿದ್ದೂ ಹಾಕ್ದೆ."

ಬಸ್ಸಿನಲ್ಲಿ ಕೂತು ಅವಳು ಬೇಕಾದಷ್ಟು ಮಾತು ಸಿದ್ಧ ಮಾಡಿಕೊಂಡಿದ್ದಳು. ಅವನ್ನೆಲ್ಲ ಬಿಟ್ಟು, "ಹೌದು ಸಾರ್," ಎಂದಳು.

"ನಮ್ಮಮ್ಮ ಅಕ್ಷತೆ ಹಾಕಿದ್ದು ಅದ್ರಾಗಿತ್ತು," ಎಂದರು ಶಿವಲಕ್ಷ್ಮಮ್ಮ. "ಎದ್ದು ನಿಲ್ಲಕ್ಕಾಗಲ್ಲ ಅವ್ರಿಗೆ, ಇಬ್ರು ಹಿಡ್ಕೊಂಡು ನಿಲ್ಸಿದ್ರು. ಇನ್ನೊಂದ್ಸಲ ಹಾಕುಸ್ತೀಯಾ ನೀನು?"

ರೇವಣಪ್ಪ ಅಲ್ಲೇ ಅಮರೇಶನಿಗೆ ಫೋನು ಮಾಡಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ನೀರಿಳಿಸಿದರು. ಅದನ್ನು ಕೇಳಲೆಂದೇ ಬಂದಿದ್ದ ಮೌನಿಕಾಳಿಗೆ ಈಗ ಕೇಳಲು ಮನಸ್ಸಾಗಲಿಲ್ಲ.

ಅವಳು ಹಿಂದೂಪುರಕ್ಕೆ ಮರಳುವಷ್ಟರಲ್ಲಿ ಕ್ಯಾಮೆರಾ ಬೀರುವಿಗೆ ಸೇರಿ ಬೀಗ ಬಿದ್ದಿತ್ತು. "ಮನೆ ಮರ್ಯಾದೆ ಹರಾಜು ಹಾಕ್ಬಂದೆ," ಎಂದ ಅಮರೇಶ್. "ಇನ್ನು ಈ ಸ್ಟುಡಿಯೋ ಹೊಸ್ತಿಲು ತುಳೀಬ್ಯಾಡ."

ಅವಳು ತುಳಿಯಲಿಲ್ಲ. ತವರಿನವರಿಂದ ಒಂದು ಹಳೆಯ ಕ್ಯಾಮೆರಾ ಕೊಡಿಸಿಕೊಂಡಳು. ಕಾರ್ಡಿಗೆ ಊರಿನ ದೊಡ್ಡ ಅಂಗಡಿಗೇ ಹೋದಳು. ಕ್ಯಾಮೆರಾದ ಪುಸ್ತಕದಲ್ಲಿ ಬರೆದಷ್ಟು ವೇಗ ಕಾರ್ಡಿಗೂ ಇದೆಯೇ ನೋಡಿದಳು, ಬಿಲ್ಲು ಕೇಳಿದಳು, ಒಂದು ದೊಡ್ಡದರ ಬದಲು ನಾಲ್ಕು ಚಿಕ್ಕವು ತೆಗೆದುಕೊಂಡಳು. ಒಂದು ಕೆಟ್ಟರೂ ಮಿಕ್ಕವು ಉಳಿಯುತ್ತವೆ. "ಕೆಟ್ಟಿದ್ರೆ ವಾಪಸ್ ತತ್ತೀನಿ," ಎಂದದ್ದಕ್ಕೆ ಅಂಗಡಿಯವನು ಮುಖ ಗಂಟಿಕ್ಕಿದ. ಒಂದೊಂದನ್ನೂ ಪೂರ್ತಿ ತುಂಬಿ ನೋಡಿದಳು. ಆಮೇಲೆ ಸರಿಯಿದ್ದವನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಅಂಟುಪಟ್ಟಿ ಹಚ್ಚಿ ನಂಬರು ಬರೆದಳು. ನಾಲ್ಕರಲ್ಲಿ ಒಂದು ಮಾತ್ರ ಪೂರ್ತಿ ತುಂಬಿರಲಿಲ್ಲ. ಅದನ್ನು ಅಂಗಡಿಯವನ ಮೇಜಿನ ಮೇಲಿಟ್ಟು ಬೇರೆ ಕೊಡುವವರೆಗೂ ಕದಲಲಿಲ್ಲ.

ಎರಡು ತಿಂಗಳ ಮೇಲೆ ರೇವಣಪ್ಪನವರದೇ ಫೋನು. "ನಮ್ ತಂಗಿ ಮೊಮ್ಮಗೂಗೆ ಹೆಸ್ರಿಡೋದೈತೆ, ಬೆಳುಗುಪ್ಪದಾಗೆ. ತಪ್ಪು ಒಪ್ಕೊಂಡೋಳು ನೀನೊಬ್ಳೇ ಅಂತೆ, ನಿನ್ನೇ ಕರಿಬೇಕು ಅಂತ ನಮ್ಮೋಳ ಹಟ. ನಂಗಿಷ್ಟ ಇಲ್ಲ."

"ಬತ್ತೀನಿ ಸಾರ್."

"ಕಾರ್ಡು ನನ್ ಮುಂದೆ ತೋರಿಸ್ಬೇಕು."

ಹೆಸರಿಡುವ ದಿನ ಅವರು ಕುರ್ಚಿ ಹಾಕಿಕೊಂಡು ಕೂತು ನಾಲ್ಕೂ ಕಾರ್ಡು ನೋಡಿದರು. ಕಾರ್ಯ ಮುಗಿದ ಮೇಲೆ ಪ್ರತಿ ತುಣುಕನ್ನೂ ಓಡಿಸಿ ತೋರಿಸು ಎಂದರು. ಅವಳು ಊಟ ಬಿಟ್ಟು ಓಡಿಸಿದಳು. ಎಲ್ಲವೂ ಬಂದಿತ್ತು. ತೊಟ್ಟಿಲ ಪಕ್ಕ ಶಿವಲಕ್ಷ್ಮಮ್ಮನ ತಾಯಿ ಕುರ್ಚಿಯಲ್ಲಿ ಕೂತು ಮಗುವಿನ ಕಿವಿಯಲ್ಲಿ ಏನೋ ಹೇಳುತ್ತಿದ್ದದ್ದೂ ಇತ್ತು.

ರೇವಣಪ್ಪ ಎದ್ದು ಹೋದರು. ಶಿವಲಕ್ಷ್ಮಮ್ಮ ಮಾತ್ರ ಬಂದು, "ನಮ್ಮಮ್ಮಂದು ಇನ್ನೊಂದ್ಸಲ ಹಾಕು," ಎಂದರು. ಅವರ ದನಿಯಲ್ಲೂ ಮೆತ್ತಗಿನದೇನೂ ಇರಲಿಲ್ಲ. ಮೌನಿಕಾ ಮತ್ತೆ ಹಾಕಿದಳು.