ಪಾರ್ಟಿಷನ್ ಫಾರ್ಮ್ಯಾಟ್

"ಫಾರ್ಮ್ಯಾಟ್ ಅಂತ ಅದರಲ್ಲೇ ಬರ್ದಿತ್ತಲ್ಲಮ್ಮಾಯಿ! ಪಾರ್ಟಿಷನ್ ಅಂತಾನೂ ಇತ್ತು. ಒತ್ತಿದೆ. ನಂದೇನ್ ತಪ್ಪು?"

ಚನ್ನರಾಯಪ್ಪ ಎರಡೂ ಕೈಗಳನ್ನು ಕೀಬೋರ್ಡಿನಿಂದ ದೂರ ಎತ್ತಿಕೊಂಡು ಕೂತಿದ್ದ. ಶ್ರೀನಿವಾಸಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೂವತ್ತು ವರ್ಷದಿಂದ ಪತ್ರ ಬರೆಯುವವನಿಗೆ ಪಾರ್ಟಿಷನ್ ಎಂದರೆ ಅಣ್ಣತಮ್ಮಂದಿರು ಜಮೀನು ಹಂಚಿಕೊಳ್ಳುವುದು, ಫಾರ್ಮ್ಯಾಟ್ ಎಂದರೆ ಆ ಪತ್ರದ ಮಾದರಿ. ಹಿಂದಿನ ಸಂಜೆ ಆಪರೇಟರ್ ರಂಜಿತ ಪಕ್ಕದ ಕಂಪ್ಯೂಟರಿಗೆ ವಿಂಡೋಸ್ ಹಾಕಲು ಬಳಸಿದ್ದ ಪೆನ್‌ಡ್ರೈವನ್ನು, ಕಳೆದುಹೋದೀತೆಂದು ಇವನೇ ತಂದು ಈ ಕಂಪ್ಯೂಟರಿಗೆ ಚುಚ್ಚಿಟ್ಟಿದ್ದ. ಬೆಳಿಗ್ಗೆ ಪಾರ್ಟಿಷನ್ ಪತ್ರ ಬರೆಸಲು ಪಾರ್ಟಿಗಳು ಬಂದು ಕೂತಿದ್ದರು, ರಂಜಿತ ಇನ್ನೂ ಬಸ್ಸಿನಲ್ಲಿದ್ದಳು. ಕಂಪ್ಯೂಟರ್ ಆನ್ ಮಾಡಿದರೆ ಪೆನ್‌ಡ್ರೈವಿನಿಂದ ಎದ್ದು ಬಂದ ಗುರುತಿಲ್ಲದ ಪರದೆಯಲ್ಲಿ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತ ಹೋದವನಿಗೆ ಕೊನೆಗೆ ಬೇಕಾದ ಎರಡು ಮಾತೂ ಒಂದೇ ಕಡೆ ಸಿಕ್ಕಿದ್ದವು. ವಿಂಡೋಸ್ ಹೋಯಿತು. ಡೆಸ್ಕ್‌ಟಾಪಿನ ಮೇಲೆ ರಾಶಿ ಹಾಕಿದ್ದ ಹನ್ನೊಂದು ವರ್ಷದ ಪತ್ರಗಳೂ ಹೋದವು.

"ಪೆನ್‌ಡ್ರೈವ್ ಬಿಟ್ಟೋದವಳು ನೀನು," ಎಂದ, ಸ್ವಲ್ಪ ಹೊತ್ತಿನಲ್ಲೇ ಸುಧಾರಿಸಿಕೊಂಡು.

"ಇನ್ನೇನೂ ಮುಟ್ಬೇಡಿ ಅಣ್ಣ. ಮುಟ್ಟಿದಷ್ಟೂ ಹೋಗ್ತದೆ."

"ಇದೊಂದು ವಾಪಸ್ ತಂದ್ಕೊಡಮ್ಮ. ಗೌನಿಪಲ್ಲಿ ಅಂಗಡಿ ನಿಂದೇ ಕಣಮ್ಮ. ಯುಗಾದಿಗೆ ಬೀಗದಕೈ ನಿನ್ ಕೈಗೆ."

ಗೌನಿಪಲ್ಲಿಯಲ್ಲಿ ಅವನದು ಇನ್ನೊಂದು ಅಂಗಡಿ ಇತ್ತು; ಯಾವ ಯುಗಾದಿ ಎಂದು ಅವನು ಯಾವತ್ತೂ ಹೇಳಿದವನಲ್ಲ. ಆ ಮಾತನ್ನು ನಂಬಿ ರಂಜಿತ ಮಾಲೂರಿನ ಫ್ಯಾಕ್ಟರಿಯ ಕೆಲಸ ಬೇಡವೆಂದಿದ್ದಳು. ಊರವರೆಲ್ಲ ನೋಡುವ ಹಾಗೆ ತನ್ನ ಅಂಗಡಿಯ ಷಟರ್ ತಾನೇ ಎತ್ತಬೇಕೆಂಬ ಆಸೆ ಅವಳನ್ನು ಇಲ್ಲಿ ಹಿಡಿದಿಟ್ಟಿತ್ತು.

ಡಿಸ್ಕ್ ಬಿಚ್ಚಿ ಪಕ್ಕದ ಕಂಪ್ಯೂಟರಿಗೆ ಜೋಡಿಸಿದಳು. ಅಳಿಸಿಹೋದದ್ದನ್ನು ಹುಡುಕುವ ಸಾಫ್ಟ್‌ವೇರ್ ಮೂರು ಗಂಟೆಯವರೆಗೂ ತಡಕಾಡಿತು. ಫೈಲುಗಳು ಬಂದವು, ಆದರೆ ಹೆಸರಿಲ್ಲದೆ, ಬರೀ ನಂಬರುಗಳಾಗಿ. ಮೊದಲನೆಯದನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಕೊಕ್ಕೆ, ಸೊನ್ನೆ.

"ಅಯ್ಯೋ, ಎಲ್ಲಾ ಕೆಟ್ಟೋಗೈತೆ!"

"ಏನೂ ಕೆಟ್ಟಿಲ್ಲ. ಇದರಲ್ಲಿ ಹಳೇ ಕನ್ನಡ ಫಾಂಟ್ ಇಲ್ಲ, ಅಷ್ಟೇ."

ಫಾಂಟ್ ಹಾಕಿ ಮತ್ತೆ ತೆರೆದಾಗ ಕನ್ನಡ ಮೂಡಿತು. ಚನ್ನರಾಯಪ್ಪ ಪರದೆಗೆ ಕೈಮುಗಿದು ಟೀ ಕುಡಿಯಲು ಹೋದ.

ಒಂದೊಂದನ್ನೇ ಓದಿ ಹೆಸರಿಡುತ್ತ ಹೋದಳು. ಕ್ರಯಪತ್ರ, ದಾನಪತ್ರ, ಪಾರ್ಟಿಷನ್. ನಲವತ್ತೊಂದನೆಯದು ಅವಳು ಟೈಪ್ ಮಾಡಿದ್ದಲ್ಲ. ತಪ್ಪು ಒತ್ತಕ್ಷರಗಳನ್ನು ನೋಡಿದರೆ ಅವನೇ ಒಂದು ಬೆರಳಿನಲ್ಲಿ ಕುಟ್ಟಿದ್ದು. ಗೌನಿಪಲ್ಲಿಯ ಅಂಗಡಿಯನ್ನು ಅಳಿಯ ಅಮರನಾಥ್‌ಗೆ ವಹಿಸಿಕೊಡುವ ಕರಾರು. ತಾರೀಖು ಎರಡು ತಿಂಗಳ ಹಿಂದಿನದು. ಕೊನೆಯಲ್ಲಿ ಎಲ್ಲ ಪತ್ರಗಳಲ್ಲಿರುವ ಹಾಗೆ ಷೆಡ್ಯೂಲ್ ಇತ್ತು, ಏನೇನು ಕೊಡುತ್ತಿದ್ದೇನೆ ಎಂಬ ಪಟ್ಟಿ: ಕಂಪ್ಯೂಟರ್ ಎರಡು, ಪ್ರಿಂಟರ್ ಒಂದು, ಲ್ಯಾಮಿನೇಷನ್ ಮೆಷಿನ್ ಒಂದು, ಪ್ಲಾಸ್ಟಿಕ್ ಕುರ್ಚಿ ನಾಲ್ಕು, ಆಪರೇಟರ್ ರಂಜಿತ.

ಅವಳು ಮೂರು ಸಲ ಓದಿದಳು. ಮೋಸ ಮಾಡಿದ್ದಕ್ಕಿಂತ, ಕುರ್ಚಿಗಳಾದ ಮೇಲೆ ತನ್ನನ್ನು ಬರೆದದ್ದು ಹೆಚ್ಚು ಉರಿಯಿತು. ಅಳು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು.

ಪ್ರಿಂಟ್ ತೆಗೆದಳು. ಷೆಡ್ಯೂಲಿನ ಕೊನೆಯ ಸಾಲಿನ ಮೇಲೆ ಪೆನ್ನಿನಿಂದ ನೇರವಾಗಿ ಒಂದು ಗೀಟು ಎಳೆದಳು. ಪತ್ರದಲ್ಲಿ ಏನನ್ನು ಹೊಡೆದುಹಾಕಿದರೂ ಪಕ್ಕದಲ್ಲಿ ರುಜು ಇರಬೇಕು, ಇಲ್ಲದಿದ್ದರೆ ಕಚೇರಿಯಲ್ಲಿ ನಡೆಯುವುದಿಲ್ಲ. ಗೀಟಿನ ಪಕ್ಕದಲ್ಲಿ ಪೂರ್ತಿ ರುಜು ಹಾಕಿ ಹಾಳೆಯನ್ನು ಅವನ ಮೇಜಿನ ಮೇಲಿಟ್ಟಳು. ಆಮೇಲೆ ಸಿಕ್ಕ ಫೈಲುಗಳನ್ನೆಲ್ಲ ಪಕ್ಕದ ಕಂಪ್ಯೂಟರಿನಲ್ಲೇ ಉಳಿಸಿ, ಡಿಸ್ಕನ್ನು ಅದರ ಜಾಗಕ್ಕೆ ಸೇರಿಸಿ ವಿಂಡೋಸ್ ಹಾಕಲು ಕೂತಳು. ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು ಅವಳಿಗೆ ಬರುತ್ತಿರಲಿಲ್ಲ.

"ಫಾರ್ಮ್ಯಾಟ್ ಸಿಕ್ತೇನಮ್ಮಾಯಿ?" ಚನ್ನರಾಯಪ್ಪ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದ.

"ಎಲ್ಲಾ ಸಿಕ್ತು ಅಣ್ಣ. ಟೇಬಲ್ ಮೇಲಿದೆ ನೋಡಿ."

ಅವನು ಕನ್ನಡಕಕ್ಕಾಗಿ ಜೇಬು ತಡವಿದ. ಪರದೆಯ ಮೇಲೆ ವಿಂಡೋಸ್ ನಲವತ್ತು ಪರ್ಸೆಂಟ್ ಆಗಿತ್ತು. ಅದು ನೂರಾಗುವುದನ್ನೇ ಕಾಯುತ್ತ ರಂಜಿತ ತನ್ನ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.