ಸಕ್ರಿ ಅಲ್ಲೇ ತೊಗೋರಿ

ಭಾನುವಾರ ಬೆಳಿಗ್ಗೆ ಒಂಬತ್ತರ ಬಸ್ಸು ಕೊಂಕಲ್‌ಗೆ ಬಂದು ನಿಂತಿತೆಂದರೆ ವಿಶ್ವರಾಧ್ಯ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ಓದುವುದಕ್ಕಲ್ಲ. ಅವನ ಕಿರಾಣಿ ಅಂಗಡಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಿಗೇ ಇತ್ತು, ಬಸ್ಸು ಹತ್ತುವವರೆಲ್ಲ ಅವನ ಗಿರಾಕಿಗಳೇ. ಟ್ರಂಕಿನಲ್ಲಿದ್ದ ಸೀರೆ ಉಟ್ಟು, ಮಡಚಿದ ಖಾಲಿ ಚೀಲ ಕಂಕುಳಲ್ಲಿ ಅವಚಿಕೊಂಡು, ಕೈಯಲ್ಲಿ ಆಧಾರ್ ಕಾರ್ಡು ಹಿಡಿದು ಯಾದಗಿರಿಯ ಶಾಪಿಂಗ್ ಮಾಲಿಗೆ ಹೊರಟ ಹೆಂಗಸರು. ಅವರಿಗೆ ಅವನ ಮುಖ ಕಾಣಬಾರದು, ಅವನಿಗೆ ಅವರ ಚೀಲ ಕಾಣಬಾರದು. ಪೇಪರು ಇದ್ದದ್ದು ಅದಕ್ಕೆ.

ಒಳಗೆ, ಪರದೆಯ ಹಿಂದೆ, ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕೂತ ಅವನ ಹೆಂಡತಿ ಸೌಭಾಗ್ಯಳಿಗೆ ಪೇಪರು ಇರಲಿಲ್ಲ. ಪರದೆಯ ಸಂದಿಯಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಮದುವೆಯಾಗಿ ಬಂದ ಇಪ್ಪತ್ಮೂರು ವರ್ಷದಿಂದ ಅವಳು ಈ ಊರನ್ನು ಆ ಸಂದಿಯಿಂದಲೇ ನೋಡಿದ್ದಳು. ಕಾಳು ಹಸನು ಮಾಡುವುದು, ಪೊಟ್ಟಣ ಕಟ್ಟುವುದು ಅವಳ ಕೆಲಸ. ಗಲ್ಲಾದ ಮೇಲೆ ಕೂಡುವುದು, ತೂಗುವುದು, ಮಾತಾಡುವುದು ಅವನದು. ಅವಳು ಕೈಯಳತೆಯಲ್ಲೇ ತುಂಬಿ ಕೊಟ್ಟ ಒಂದು ಕಿಲೋ ಪೊಟ್ಟಣವನ್ನು ಅವನು ತಕ್ಕಡಿಗೆ ಇಟ್ಟರೆ ಮುಳ್ಳು ಸೊಟ್ಟಗಾದದ್ದಿಲ್ಲ. ಮಾವ ಅಮರಪ್ಪ ಬದುಕಿದ್ದಾಗ ಒಂದೇ ಒಂದು ಸಲ, "ಈ ಹುಡುಗಿ ಕೈಯಾಗ ತಕ್ಕಡಿ ಅದ ನೋಡು" ಅಂದಿದ್ದರು. ಆಮೇಲೆ ಯಾರೂ ಅನ್ನಲಿಲ್ಲ. ಸರಿಯಾಗಿ ಬರುವುದನ್ನು ಯಾರು ಯಾಕೆ ಅನ್ನುತ್ತಾರೆ?

ಯಾದಗಿರಿಯಲ್ಲಿ ಆ ಮೂರಂತಸ್ತಿನ ಅಂಗಡಿ ಎದ್ದಾಗ ವಿಶ್ವರಾಧ್ಯ ಹೆದರಿರಲಿಲ್ಲ. ಕೆಳಗೆ ಕಿರಾಣಿ, ಮೇಲೆ ಬಟ್ಟೆ, ಅದರ ಮೇಲೆ ಪಾತ್ರೆ. "ಒಂದ್ ಕಿಲೋ ಸಕ್ರಿ ತರಾಕ ಬಸ್ಸಿನ ರೊಕ್ಕ ಯಾರ ಕೊಡ್ತಾರ?" ಎಂದು ನಕ್ಕಿದ್ದ. ಆಮೇಲೆ ಹೆಂಗಸರಿಗೆ ಬಸ್ಸು ಬಿಟ್ಟಿಯಾಯಿತು. ನಗು ನಿಂತಿತು. ವರ್ಷದೊಳಗೆ ವ್ಯಾಪಾರ ಅರ್ಧಕ್ಕಿಳಿಯಿತು.

ಒಂದು ಭಾನುವಾರ ಮಧ್ಯಾಹ್ನ ರೊಟ್ಟಿ ಮುರಿಯುತ್ತ ಅವನು ತಲೆಯೆತ್ತದೆ ಹೇಳಿದ:

"ಯುಗಾದಿ ತನಕ ನೋಡ್ತೀನಿ. ಆಮ್ಯಾಲ ಬಾಗಲಾ ಹಾಕೋದೇ. ಶಹಾಪುರದಾಗ ಕಾಕಾನ ಮಗ ಬಸಲಿಂಗನ ಬ್ಯಾಳಿ ಮಿಲ್ಲಿನ್ಯಾಗ ಗುಮಾಸ್ತ ಆಗಿ ಕುಂದರ್ತೀನಿ. ಅಂವ ಬಾ ಅಂದಾನ."

ಸೌಭಾಗ್ಯ ಮತ್ತೊಂದು ರೊಟ್ಟಿ ಬಡಿಸಿದಳು. ಅಂಗಡಿ ಮುಚ್ಚಿದರೆ ಅವನಿಗೆ ಮಿಲ್ಲು ಇತ್ತು. ತನಗೆ? ಬೋರ್ಡಿನ ಮೇಲೆ ಮಾವನ ಹೆಸರು, ಗಲ್ಲಾದ ಮೇಲೆ ಗಂಡ. ಆದರೆ ಈ ಊರಿನ ಒಲೆಗಳ ಮೇಲೆ ಬೆಂದ ಬೇಳೆಯೆಲ್ಲ ತನ್ನ ಬೆರಳ ಸಂದಿಯಿಂದ ಹಾದು ಹೋದದ್ದು. ಅಂಗಡಿಯ ಜೊತೆ ಅದೂ ಮುಚ್ಚಿಹೋಗುತ್ತದೆ, ಅದು ಇತ್ತು ಎಂಬುದೇ ಯಾರಿಗೂ ಗೊತ್ತಾಗದ ಹಾಗೆ. ಮುಂದಿನ ಭಾನುವಾರ ಟ್ರಂಕು ತೆಗೆದು ಹಸಿರು ಸೀರೆ ಉಟ್ಟಳು.

"ಎಲ್ಲಿಗಿ?" ಎಂದ ವಿಶ್ವರಾಧ್ಯ.

"ಮಾಲಿಗಿ."

ಅವನ ಕೈಯಲ್ಲಿದ್ದ ಪೇಪರು ತಾನಾಗಿಯೇ ಕೆಳಗಿಳಿಯಿತು. "ನಮ್ಮ ಹೊಟ್ಟಿ ಮ್ಯಾಲ ಹೊಡದವರ ಅಂಗಡಿಗಿ ನೀ ಗಿರಾಕಿ ಆಗಿ ಹೊಂಟೀಯೇನು?"

"ಹೊಡದವರ ಕೈ ಹ್ಯಾಂಗದ ಅಂತ ನೋಡಿ ಬರ್ತೀನ್ರಿ" ಎಂದು ಅವಳು ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ಮಾತು ಒಮ್ಮೆಲೇ ನಿಂತಿತು. ಮೊದಲು ಬಾಯಿ ಬಿಟ್ಟವಳು ರೇಣಮ್ಮ. ಎರಡೆಕರೆ ತೊಗರಿ ಹೊಲ ಮತ್ತು ನಾಲ್ಕೆಕರೆಯಷ್ಟು ನಾಲಿಗೆ ಇದ್ದ ಹೆಣ್ಣುಮಗಳು.

"ಏನ ಅಂಗಡಿ ಅಕ್ಕಾ, ನಿಮ್ಮಂಗಡ್ಯಾಗ ಸಾಮಾನು ತೀರ್‍ಯಾವೇನು?"

ಎಲ್ಲರೂ ನಕ್ಕರು. ಕಿಟಕಿ ಪಕ್ಕದಲ್ಲಿದ್ದ ಕುಬ್ರಾಬೇಗಂ ಸರಿದು ಜಾಗ ಮಾಡಿದಳು. ಮೂವತ್ತು ವರ್ಷ ಬಳೆ ಮಾರಿದ ಹಿರಿಯಳು, ಊರಿಗೆಲ್ಲ ಆಪಾ, ಅಂದರೆ ಅಕ್ಕ.

"ಬಾ ಬೇಟಿ, ಕುಂಡ್ರು. ಫುಕಟ್ ಬಸ್ಸಿನ್ಯಾಗ ಸಾವ್ಕಾರ್ರು, ಬಡವ್ರು ಅಂತ ಬ್ಯಾರೆ ಸೀಟ್ ಇಲ್ಲ."

ಮಾಲಿನ ಬಾಗಿಲಲ್ಲಿ ಕಾವಲಿನವನು ಚೀಲ ಇಸಿದುಕೊಂಡು ಟೋಕನ್ ಕೊಟ್ಟ. ಒಳಗೆ ತಂಪು ಗಾಳಿ, ಕಣ್ಣು ಕುಕ್ಕುವ ದೀಪ, ಎಲ್ಲಿ ನೋಡಿದರೂ ಹಳದಿ ಚೀಟಿ: ಇಷ್ಟು ಕಮ್ಮಿ, ಅಷ್ಟು ಉಳಿತಾಯ, ಒಂದಕ್ಕೆ ಒಂದು ಉಚಿತ. ಸೌಭಾಗ್ಯ ಮೊದಲು ಸಕ್ಕರೆಯ ಹತ್ತಿರ ಹೋದಳು. ಕಿಲೋಕ್ಕೆ ನಲವತ್ತು. ಚೀಟಿಯನ್ನು ಎರಡು ಸಲ ಓದಿದಳು. ಗಂಡ ಶಹಾಪುರದ ಹೋಲ್‌ಸೇಲ್ ಅಂಗಡಿಗೆ ಕೊಡುವುದೇ ನಲವತ್ತೆರಡು. ಊರಲ್ಲಿ ನಲವತ್ತೈದಕ್ಕೆ ಮಾರಿ ಮೂರು ರೂಪಾಯಿ ಉಳಿಸಿಕೊಳ್ಳುತ್ತಾನೆ. ಅವನು ಕೊಳ್ಳುವ ರೇಟಿಗಿಂತ ಇವರು ಮಾರುವ ರೇಟೇ ಕಮ್ಮಿ. ಬಟ್ಟೆ ಸೋಪಿನ ಕಟ್ಟು, ಚಹಾಪುಡಿ, ಅವೂ ಖರೆಯಾಗಿಯೇ ಅಗ್ಗ. ಗಂಡ ಹೇಳಿದ್ದು ನಿಜ ಹಾಗಾದರೆ, ಬಾಗಿಲು ಹಾಕುವುದೇ ಸೈ ಎಂದುಕೊಳ್ಳುತ್ತ ಮುಂದಿನ ಸಾಲಿಗೆ ತಿರುಗಿದಳು.

ಅಲ್ಲಿ ಸೂರ್ಯಕಾಂತಿ ಎಣ್ಣೆಯ ಪಾಕೀಟು. ರೂಢಿಯ ಹಾಗೆ ಒಂದನ್ನು ಎತ್ತಿದಳು. ಕೈ ತಡೆಯಿತು.

ಕಣ್ಣು ಇನ್ನೂ ಏನೂ ಓದಿರಲಿಲ್ಲ. ಕೈ ಮಾತ್ರ ಇದು ನಮ್ಮದಲ್ಲ ಅಂದಿತು. ಮತ್ತೆ ಎತ್ತಿ, ಇಳಿಸಿ, ಎಡಗೈಗೆ ದಾಟಿಸಿದಳು. ಪಾಕೀಟು ತಿರುಗಿಸಿ ಕೆಳಗಿನ ಮೂಲೆಯ ಸಾಸಿವೆ ಅಕ್ಷರ ಹುಡುಕಿದಳು. ಎಂಟುನೂರು ಗ್ರಾಂ. ಊರಿನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಅವಳು ಎತ್ತಿ ಜೋಡಿಸಿದ ಪಾಕೀಟು ಒಂಬೈನೂರ ಹತ್ತು. ಅದೇ ಎತ್ತರ, ಅದೇ ಅಗಲ, ಅದೇ ಹೂವಿನ ಚಿತ್ರ. ಇಲ್ಲಿ ನೂರಾ ಮೂವತ್ತೈದು, ಅಲ್ಲಿ ನೂರಾ ನಲವತ್ತೆಂಟು. ಹದಿಮೂರು ರೂಪಾಯಿ ಉಳಿಯಿತು ಅಂತ ಖುಷಿಪಟ್ಟವರು ಹದಿನೆಂಟು ರೂಪಾಯಿಯ ಎಣ್ಣೆ ಬಿಟ್ಟು ಬರುತ್ತಿದ್ದರು. ಮೋಸವೇನಲ್ಲ, ಬರೆದೇ ಇಟ್ಟಿದ್ದರು. ಓದುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ, ಅಷ್ಟೆ.

ಪಕ್ಕದಲ್ಲಿ ಆಪಾ ಅದೇ ಎಣ್ಣೆಯ ನಾಲ್ಕು ಪಾಕೀಟು ಬುಟ್ಟಿಗೆ ಹಾಕುತ್ತಿದ್ದಳು.

"ಆಪಾ, ಇದನ್ನ ಕೈಯಾಗ ಹಿಡದು ನೋಡ್ರಿ. ಕಣ್ಣು ಮುಚ್ಚಿ ಹಿಡೀರಿ."

ಆಪಾ ಕಣ್ಣು ಮುಚ್ಚಿ ಹಿಡಿದಳು. ಹುಬ್ಬು ಮೇಲೇರಿತು. "ಅರೇ, ಹಗೂರ ಅದ ಅಲ್ಲ!"

ಹೆಂಗಸರು ಸುತ್ತ ಕೂಡಿದರು. ಸೌಭಾಗ್ಯ ಬೆರಳಿಟ್ಟು ಗ್ರಾಂ ತೋರಿಸಿದಳು. ರೇಣಮ್ಮನ ಬುಟ್ಟಿಯಲ್ಲಿದ್ದ ತೊಗರಿಬೇಳೆಯ ಪಾಕೀಟು ತೆಗೆದಳು. "ಇದೂ ಕಿಲೋ ಅಲ್ಲ, ಒಂಬೈನೂರು ಗ್ರಾಮೇ. ಹೊಳಪು ಬರ್ಲಿ ಅಂತ ಪಾಲಿಶ್ ಹೊಡದಾರ. ನಿನ್ನ ಹೊಲದ ತೊಗರಿ ಮಾರಿ, ಮುಖಕ್ಕ ಪೌಡರ್ ಹಚ್ಚಿದ ತೊಗರಿ ತೊಗೊಂಡು ಹೊಂಟೀಯಲ್ಲ ರೇಣಮ್ಮ! ನಮ್ಮಲ್ಲಿ ತುಂಬಿದ ಕಿಲೋ ಇದೇ ರೊಕ್ಕಕ್ಕ ಬರ್ತದ."

ಆಪಾ ಬಾಯಿಗೆ ಸೆರಗು ಒತ್ತಿ ನಕ್ಕಳು. ರೇಣಮ್ಮ ಸುಮ್ಮನೆ ಬಿಡುವವಳಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಂಗಾದ್ರ ಸಕ್ರಿನೂ ಬ್ಯಾಡ, ಸೋಪೂ ಬ್ಯಾಡ ಅನ್ನು! ಎಲ್ಲಾ ನಿನ್ನಂಗಡ್ಯಾಗೇ ತೊಗೋಬೇಕು. ಅದಕ್ಕೇ ಬಂದೀ ಇವತ್ತ, ನಮಗ ಗೊತ್ತಿಲ್ಲೇನು?"

ಎಲ್ಲರ ಕಣ್ಣೂ ಅವಳ ಮೇಲೆ. ಹ್ಞೂಂ ಅಂದರೆ ಸಾಕಿತ್ತು. ಎಣ್ಣೆಯ ವಿಷಯದಲ್ಲಿ ನಂಬಿದವರು ಸಕ್ಕರೆಯ ವಿಷಯದಲ್ಲೂ ನಂಬುತ್ತಿದ್ದರು. ಯುಗಾದಿಗೆ ಆರು ವಾರ ಉಳಿದಿತ್ತು. ಗಲ್ಲಾದ ಮೇಲೆ ಪೇಪರು ಹಿಡಿದು ಕೂತ ಗಂಡ ಕಣ್ಣ ಮುಂದೆ ಬಂದ. ಅವಳ ಕೈಯಲ್ಲಿ ಇನ್ನೂ ಆ ಎಣ್ಣೆ ಪಾಕೀಟು ಇತ್ತು. ಆ ಕೈಗೆ ಸುಳ್ಳು ತೂಕ ಹೇಳಿ ರೂಢಿಯಿರಲಿಲ್ಲ.

"ಇಲ್ಲ. ಸಕ್ರಿ ಇಲ್ಲೇ ತೊಗೋರಿ. ನಮ್ಮಲ್ಲಿ ಐದು ರೂಪಾಯಿ ಹೆಚ್ಚ. ಸೋಪು, ಚಾಪುಡಿನೂ ಇಲ್ಲೇ ಅಗ್ಗ."

ರೇಣಮ್ಮನ ಕೈ ಸೊಂಟದಿಂದ ಇಳಿಯಿತು. ಬೇಳೆಯ ಪಾಕೀಟನ್ನು ಹೋಗಿ ಅದರ ಜಾಗದಲ್ಲಿಟ್ಟು ಬಂದಳು. ಸೌಭಾಗ್ಯ ತನ್ನ ಮನೆಗೆಂದು ಎರಡು ಕಿಲೋ ಸಕ್ಕರೆ ಕೊಂಡಳು. ಹತ್ತು ರೂಪಾಯಿ ಉಳಿಸಿದ ಖುಷಿಗೆ ಆಪಾಳ ಜೊತೆ ನಿಂತು ಚಹಾ ಕುಡಿದು, ಅಷ್ಟನ್ನೂ ಖರ್ಚು ಮಾಡಿದಳು.

ಸಂಜೆ ಇದನ್ನು ಕೇಳಿ ವಿಶ್ವರಾಧ್ಯ ಸಿಟ್ಟಿಗೆದ್ದ. "ನಮ್ಮ ಗಿರಾಕಿಗಿ ಅವರ ಸಕ್ರಿ ತೊಗೋ ಅಂತ ಹೇಳಿ ಬಂದೀ? ಯಾರಾರ ಕೇಳಿದ್ರ ನಗ್ತಾರ!"

ಸೌಭಾಗ್ಯ ಅಂಗಡಿಯ ಬಾಗಿಲ ಹಲಗೆ ಒರೆಸಿ, ಸೀಮೆಸುಣ್ಣ ತಗೊಂಡು ದುಂಡಗೆ ಬರೆದಳು. ಎಡಕ್ಕೆ: ಯಾದಗಿರಿಯಲ್ಲಿ ಅಗ್ಗ, ಸಕ್ಕರೆ, ಸೋಪು, ಚಹಾಪುಡಿ. ಬಲಕ್ಕೆ: ಇಲ್ಲಿ ಅಗ್ಗ, ಎಣ್ಣೆ, ತೊಗರಿಬೇಳೆ, ಖಾರಪುಡಿ, ಜೋಳ. ಎದುರಿಗೆ ರೇಟು, ರೇಟಿನ ಎದುರಿಗೆ ತೂಕ.

"ಆ ಎಡಗಡಿದು ಅಳಸು" ಎಂದ ವಿಶ್ವರಾಧ್ಯ.

"ಎಡಗಡಿದು ಅಳಸಿದ್ರ ಬಲಗಡಿದು ಯಾರು ನಂಬ್ತಾರ್ರಿ?"

ಅವನು ಹಲಗೆ ನೋಡಿದ, ಅವಳನ್ನು ನೋಡಿದ. ಒರೆಸುವ ಬಟ್ಟೆ ಅವನ ಕೈಯಲ್ಲೇ ಇತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಮರು ಭಾನುವಾರ ಬಸ್ಸು ತುಂಬಿಯೇ ಹೋಯಿತು. ಹೋಗುವ ಮುಂಚೆ ಹೆಂಗಸರು ಹಲಗೆಯ ಮುಂದೆ ನಿಂತು ಓದಿದರು. ಓದು ಬಾರದವರಿಗೆ ಬರುವವರು ಹೇಳಿದರು. ಸಂಜೆ ಬಸ್ಸು ಇಳಿದವರ ಚೀಲ ಅರ್ಧ ಖಾಲಿ ಇದ್ದವು. ಯಾರೂ ಮನೆಯ ದಾರಿ ಹಿಡಿಯಲಿಲ್ಲ, ನೆಟ್ಟಗೆ ಅಂಗಡಿಗೆ ಬಂದರು. ವಿಶ್ವರಾಧ್ಯ ಗಡಬಡಿಸಿ ತಕ್ಕಡಿ ಎಳೆದುಕೊಂಡ.

"ನೀ ಅಲ್ಲ ಅಣ್ಣಾ" ಎಂದಳು ರೇಣಮ್ಮ. "ಆಕಿನ್ನ ಕರಿ. ಬ್ಯಾಳಿ ಆಕಿ ಕೈಲೇ ಕೊಡ್ಲಿ. ತೂಕ ಆಮ್ಯಾಲ ನೋಡ್ತೀನಿ."

ಪರದೆ ಸರಿಸಿ ಸೌಭಾಗ್ಯ ಹೊರಗೆ ಬಂದಳು. ಎಲ್ಲರೂ ನೋಡುತ್ತಿರುವಂತೆ ಬೇಳೆಯ ಚೀಲಕ್ಕೆ ಕೈ ಹಾಕಿ, ಪೊಟ್ಟಣ ತುಂಬಿ, ತಕ್ಕಡಿಗಿಟ್ಟಳು. ಮುಳ್ಳು ಒಮ್ಮೆ ಅಲುಗಿ ನಡುವೆ ನಿಂತಿತು. ಆಪಾ ಚಪ್ಪಾಳೆ ತಟ್ಟಿದಳು. ಸೌಭಾಗ್ಯಳಿಗೆ ನಗು ತಡೆಯಲಾಗಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ.

ಯುಗಾದಿಗೆ ಎಂಟು ದಿನ ಇರುವಾಗ ಬಸಲಿಂಗನ ಫೋನು ಬಂತು. ಒಳಗಿನಿಂದ ಸೌಭಾಗ್ಯ ಕೇಳಿಸಿಕೊಂಡಳು.

"ಇಲ್ಲಪ್ಪ, ನೀ ಬ್ಯಾರೇದವ್ರನ್ನ ನೋಡ್ಕೋ" ಎನ್ನುತ್ತಿದ್ದ ವಿಶ್ವರಾಧ್ಯ. "ನಾ ಅಲ್ಲಿಗಿ ಬಂದ್ರ ಇಲ್ಲಿ ಈಕಿಗಿ ಆಳು ಯಾರ ಸಿಗ್ತಾರ?"

ಆ ಭಾನುವಾರ ಒಂಬತ್ತರ ಬಸ್ಸು ಬಂದಾಗ ಪೇಪರು ಮಡಚಿದ್ದು ಮಡಚಿದಂತೆಯೇ ಗಲ್ಲಾದ ಮೇಲಿತ್ತು. ಅವನು ಖಾಲಿ ಚೀಲ ತಂದು ಹೆಂಡತಿಯ ಕೈಗಿಟ್ಟ.

"ಹೋಗಿ ರೇಟು ನೋಡಿ ಬಾ. ಸಕ್ರಿ ಏರ್‍ಯದಂತ, ಹಲಗಿ ಮ್ಯಾಲಿಂದು ಹಳೇದಾಗ್ಯದ."

"ನೀವೂ ಬರ್ರಿ, ಒಂದ್ಸಲ ನೋಡೀರಂತ."

"ನನಗ ಟಿಕೀಟ್ ಬೀಳ್ತದ" ಎಂದ ವಿಶ್ವರಾಧ್ಯ. "ನಿನಗ ಫುಕಟ್. ಉಳಸೋದು ಹ್ಯಾಂಗಂತ ಊರಿಗೆಲ್ಲ ಕಲಸಿದಾಕಿ, ಇಷ್ಟು ತಿಳಿವಲ್ದೇನು?"

ಬಸ್ಸಿನಿಂದ ರೇಣಮ್ಮ ಕೂಗಿದಳು, "ಅಂಗಡಿ ಅಕ್ಕಾ, ಲಗೂ ಬಾ! ಕಿಡಕಿ ಸೀಟ್ ಹಿಡದೀನಿ!"